ಮೇಲೆ ಒಣಗಿದ ಬಣ್ಣ, ಒಳಗೆ ಹಸಿ: ಮರಿಕುದುರೆಗೆ ಮೊದಲ ಜೀನು

ಲಾಯದ ಮರದ ಬಾಗಿಲಿಗೆ ಎನಾಮಲ್ ಬಣ್ಣ ಬಳಿದವರಿಗೆ ಇದು ಗೊತ್ತು: ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಮೇಲ್ಭಾಗ ಕೆನೆಕಟ್ಟಿ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ. ಕ್ರಮೇಣ ಸುಕ್ಕುಗಟ್ಟುತ್ತದೆ, ಉಗುರು ತಾಗಿದರೆ ಸಿಪ್ಪೆಯಂತೆ ಕಿತ್ತು ಬರುತ್ತದೆ. ಮೂರು ವರ್ಷದ ಮರಿಗೆ ಮೊದಲ ಸಲ ಜೀನು ಹಾಕುವಾಗ ಆಗುವ ತಪ್ಪೂ ಇದೇ ಜಾತಿಯದು.

ಜೀನು ಇಟ್ಟಾಗ ಕುದುರೆ ಅಲ್ಲಾಡದೆ ನಿಂತರೆ ಒಪ್ಪಿಕೊಂಡಿತು ಎಂದುಕೊಳ್ಳುತ್ತೇವೆ. ಆದರೆ ಕಣ್ಣು ಮಿಟುಕಿಸದೆ, ಹೊಳ್ಳೆ ಬಿಗಿದು, ಉಸಿರು ಹಿಡಿದು, ಬಾಲವನ್ನು ತೊಡೆಗೆ ಒತ್ತಿಕೊಂಡು ನಿಂತ ಕುದುರೆ ಒಪ್ಪಿಲ್ಲ, ಭಯಕ್ಕೆ ಮರಗಟ್ಟಿದೆ. ಅದನ್ನು ಹತ್ತು ಹೆಜ್ಜೆ ನಡೆಸಿದರೆ ಬೆನ್ನು ಗೂನು ಮಾಡಿ ಕುಪ್ಪಳಿಸೀತು. ನಿಜವಾಗಿ ಒಪ್ಪಿದ್ದು ತಲೆ ತಗ್ಗಿಸುತ್ತದೆ, ದೀರ್ಘವಾಗಿ ಉಸಿರು ಬಿಡುತ್ತದೆ, ಒಂದು ಹಿಂಗಾಲಿಗೆ ವಿಶ್ರಾಂತಿ ಕೊಟ್ಟು ನಿಲ್ಲುತ್ತದೆ. ಬಣ್ಣ ಒಣಗಿದೆಯೇ ಎಂದು ಮೂಲೆಯಲ್ಲಿ ಹೆಬ್ಬೆರಳು ಒತ್ತಿ ನೋಡುವಂತೆ, ಇಷ್ಟನ್ನೂ ನೋಡದೆ ನಾನು ಮುಂದಿನ ಹಂತಕ್ಕೆ ಹೋಗುವುದಿಲ್ಲ.

ಬಾಗಿಲಿನ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಬಣ್ಣ ಬಳಿಯುವುದಲ್ಲ, ಹಳೆಯದನ್ನು ಕೆರೆದು, 80ರ ನಂತರ 120 ನಂಬರಿನ ಉಜ್ಜುಕಾಗದ ಹಾಕಿ, ಧೂಳು ಒರೆಸಿ, ಪ್ರೈಮರ್ ಕೊಟ್ಟು ಒಂದು ದಿನ ಬಿಡುವುದು. ಮರಿಯ ವಿಷಯದಲ್ಲಿ ನನ್ನ ಪ್ರೈಮರ್ ಗೋಣಿಚೀಲ. ನಾಲ್ಕು ಮಡಿಕೆ ಮಾಡಿ ಮೊದಲು ಮೂಸಲು ಕೊಡುತ್ತೇನೆ. ಆಮೇಲೆ ಕತ್ತಿನ ಬುಡ ಬೆನ್ನಿಗೆ ಸೇರುವ ದಿಬ್ಬದ ಮೇಲೆ ಉಜ್ಜುತ್ತೇನೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು, ಅಲ್ಲಿ ಬೇಗ ಸಡಿಲವಾಗುತ್ತವೆ. ಅಲ್ಲಿಂದ ಬೆನ್ನು, ಸೊಂಟ, ಹೊಟ್ಟೆಯ ಅಡಿ. ಕುದುರೆ ಸರಿದರೆ ಚೀಲವನ್ನು ಕಿತ್ತುಕೊಳ್ಳಬಾರದು, ಹಾಗೆ ಮಾಡಿದರೆ ಸರಿದರೆ ಬಿಡುಗಡೆ ಎಂದು ಕಲಿತುಬಿಡುತ್ತದೆ. ಅದರ ಜೊತೆಗೇ ನಡೆದು, ಕಾಲು ನಿಂತ ಒಂದು ಸೆಕೆಂಡಿನೊಳಗೆ ಚೀಲ ತೆಗೆಯಬೇಕು. ಕಲಿಸುವುದು ಒತ್ತಡವಲ್ಲ, ಒತ್ತಡ ಬಿಡುವ ಕ್ಷಣ. ಕೈ ತಡವಾದರೆ ಬೇರೆಯದೇ ಪಾಠವಾಗುತ್ತದೆ. ಒಂದು ಬಾರಿಗೆ 15 ನಿಮಿಷ ಸಾಕು. ಎಡಗಡೆ ಮಾಡಿದ್ದನ್ನು ಬಲಗಡೆಯಿಂದಲೂ ಮೊದಲಿನಿಂದಲೇ ಮಾಡುತ್ತೇನೆ. ಎಡಗಣ್ಣಿಗೆ ಪರಿಚಯವಾದ ವಸ್ತು ಬಲಗಣ್ಣಿನ ಕಡೆಯಿಂದ ಬಂದಾಗ ಬೆಚ್ಚುವ ಮರಿಗಳು ಬೇಕಾದಷ್ಟಿವೆ.

ಜೀನಿನ ಹೊಟ್ಟೆಪಟ್ಟಿ ಬಿಗಿಯುವುದಕ್ಕೆ ಕಾರಿನ ಚಕ್ರದ ನಟ್ಟುಗಳೇ ಮಾದರಿ. ಒಂದೇ ನಟ್ಟನ್ನು ಮೊದಲೇ ಪೂರ್ತಿ ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಪಟ್ಟಿಯನ್ನೂ ಮೂರು ಸಲಕ್ಕೆ ಬಿಗಿಯುತ್ತೇನೆ: ಮೊದಲು ಜೀನು ಜಾರದಷ್ಟು, ಒಂದು ಸುತ್ತು ನಡೆಸಿ ಎರಡೂ ಕಡೆ ಒಂದೊಂದು ತೂತು, ಐದು ನಿಮಿಷದ ಮೇಲೆ ಪಟ್ಟಿಯ ಅಡಿ ಬೆರಳುಗಳು ಚಪ್ಪಟೆಯಾಗಿ ಹೋಗುವಷ್ಟು. ಒಮ್ಮೆಲೇ ಬಿಗಿದರೆ ಮುಂಗಾಲಿನ ಹಿಂದಿನ ಚರ್ಮ ಚಿವುಟಿದಂತಾಗಿ ಗಾಯವಾಗುತ್ತದೆ, ಮರುದಿನ ಪಟ್ಟಿ ಕಂಡರೇ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆ. ಆ ಅಭ್ಯಾಸ ಬಿಡಿಸಲು ತಿಂಗಳುಗಳೇ ಬೇಕು. ಅತಿ ಸಡಿಲವೂ ಅಪಾಯ: ಜೀನು ತಿರುಗಿ ಹೊಟ್ಟೆಯಡಿ ಸೇರಿದರೆ ಕುದುರೆ ಅದನ್ನು ಒದೆಯುತ್ತಾ ಓಡುತ್ತದೆ. ಸವಾರ ಕಾಲಿಡುವ ರಿಕಾಪುಗಳನ್ನೂ ತೂಗಾಡದಂತೆ ಮೇಲಕ್ಕೆ ಕಟ್ಟಿಯೇ ಮೊದಲ ದಿನ ಜೀನು ಹಾಕುವುದು.

ಕುದುರೆಯನ್ನು ಕಟ್ಟುವ ವಿಷಯ ಚಿಕ್ಕದು, ಆದರೆ ಕತ್ತು ಮುರಿಯುವಂಥದ್ದು. ಮನೆಯ ವಿದ್ಯುತ್ತಿಗೆ ಫ್ಯೂಸ್ ಹೇಗೋ ಹಾಗೆ ಕಬ್ಬಿಣದ ಬಳೆಗೂ ಹಗ್ಗಕ್ಕೂ ನಡುವೆ ತೆಳ್ಳನೆಯ ಸೆಣಬಿನ ಹುರಿಯ ಕುಣಿಕೆ ಹಾಕಿ. ಗಾಬರಿಯಿಂದ ಜಗ್ಗಿದಾಗ ಮೊದಲು ಹರಿಯಬೇಕಾದ್ದು ಅದು. ಪ್ಲಾಸ್ಟಿಕ್ ಹುರಿ ಹರಿಯುವುದಿಲ್ಲ, ಬೇಡ. ಕಟ್ಟು ಬೆನ್ನಿನ ದಿಬ್ಬದ ಎತ್ತರದಲ್ಲಿರಲಿ, ತುದಿ ಎಳೆದರೆ ಬಿಚ್ಚುವ ಗಂಟಾಗಿರಲಿ. ಕಟ್ಟಿದರೆ ನಿಲ್ಲಬೇಕೆಂದು ಇನ್ನೂ ಕಲಿಯದ ಮರಿಯನ್ನಂತೂ ಕಟ್ಟಿಯೇ ಜೀನು ಹಾಕಬೇಡಿ, ಹಗ್ಗ ಇನ್ನೊಬ್ಬರ ಕೈಯಲ್ಲಿರಲಿ.

ತೆಳು ಪದರಗಳ ಕ್ರಮ ಸದ್ದಿಗೂ ಹೊಂದುತ್ತದೆ. ಮೈಸೂರಿನಲ್ಲಿ ಜಂಬೂಸವಾರಿಯ ದಿನ ಏಳು ಫಿರಂಗಿಗಳಿಂದ 21 ಸುತ್ತು ಕುಶಾಲತೋಪು ಹಾರಿಸುತ್ತಾರೆ. ಅದಕ್ಕಾಗಿ ಆನೆಗಳ ಜೊತೆ ಅಶ್ವಾರೋಹಿ ದಳದ ಕುದುರೆಗಳನ್ನೂ ಹಬ್ಬಕ್ಕೆ ಮೊದಲೇ ಹಲವು ಸಲ ಸದ್ದಿಗೆ ಒಗ್ಗಿಸುತ್ತಾರೆ. ಮನೆಮಟ್ಟದಲ್ಲಿ ನಾನು ತಗಡಿನ ಡಬ್ಬಿಯನ್ನು ಐವತ್ತು ಹೆಜ್ಜೆ ದೂರದಲ್ಲಿ, ಮೇವು ತಿನ್ನುವ ಹೊತ್ತಿಗೆ ಬಡಿಸುತ್ತೇನೆ. ಅಗಿಯುವುದು ನಿಲ್ಲದಿದ್ದರೆ ಮರುದಿನ ಐದು ಹೆಜ್ಜೆ ಹತ್ತಿರ. ನಿಂತರೆ ಹತ್ತು ಹೆಜ್ಜೆ ಹಿಂದಕ್ಕೆ.

ಮರುದಿನ ಬೆಳಿಗ್ಗೆ ನೇರವಾಗಿ ಜೀನು ಎತ್ತಬೇಡಿ. ಗೋಣಿಚೀಲ ಹಿಡಿದು ಹೋಗಿ ಕತ್ತಿನ ಬುಡ ಮುಟ್ಟಿ. ತೊಗಲು ಅದುರದೆ ತಲೆ ತಗ್ಗಿದರೆ ಎರಡನೇ ಪದರಕ್ಕೆ, ಎಂದರೆ ಜೀನಿಗೆ, ಸಿದ್ಧ. ಅದುರಿದರೆ ಆ ದಿನ ಚೀಲದ ಕೆಲಸ ಮಾತ್ರ.