“ಬಂದಿಲ್ಲ” ಎಂದೂ ಬರೆಯುವ ಕಿರ್ದಿ ಪುಸ್ತಕ

ನಮ್ಮ ಮನೆ ಪ್ರಾರ್ಥನಾ ಕೂಟದಲ್ಲಿ, ದೇವರಲ್ಲಿ ಕೇಳಿದ್ದನ್ನೂ ಬಂದದ್ದನ್ನೂ ಬರೆದಿಡುವ ಕಿರ್ದಿ ಪುಸ್ತಕ ಇಡಲು ಶುರುಮಾಡಿ ಐದು ವರ್ಷ ದಾಟಿತು. ಇದು ನಡೆಯುವುದಿಲ್ಲ ಎಂದವರೇ ಆಗ ಹೆಚ್ಚು. ಒಬ್ಬ ಹಿರಿಯರು ಆರಾಧನೆ ಮುಗಿದ ಮೇಲೆ ನನ್ನನ್ನು ಬಾಗಿಲಲ್ಲಿ ತಡೆದು, “ತಮ್ಮಾ, ಅರಸ ದಾವೀದನು ಜನರನ್ನು ಎಣಿಸಿ ಏನು ದಂಡನೆ ಅನುಭವಿಸಿದನೆಂದು ನಿನಗೆ ಗೊತ್ತಲ್ಲ? ದೇವರ ಉಪಕಾರಕ್ಕೆ ಅಂಗಡಿಯ ಲೆಕ್ಕ ಹಚ್ಚಬೇಡ” ಎಂದಿದ್ದರು. ಕಳೆದ ವರ್ಷ ಅದೇ ಹಿರಿಯರು ಮೊಮ್ಮಗನ ಕೈಯಲ್ಲಿ ಎರಡು ಹೊಸ ನೋಟ್‌ಬುಕ್ ಕೊಟ್ಟು ಕಳಿಸಿ, ಗೆರೆ ಹೇಗೆ ಎಳೆಯಬೇಕೆಂದು ಕೇಳಿಸಿದರು. ಅವರಂತೆಯೇ ಬೇರೆ ಚರ್ಚ್ ಸಭೆಗಳ ನಾಲ್ಕೈದು ಕೂಟಗಳವರೂ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ದೇವರು ಅರಣ್ಯದಲ್ಲಿ ದಿನದಿನದ ಆಹಾರವಾಗಿ ಕೊಟ್ಟ ಮನ್ನದ ಕಥೆ, ಬರಗಾಲದಲ್ಲಿ ಹಿಟ್ಟು ತೀರದೆ ಉಳಿದ ಚಾರೆಪ್ತದ ವಿಧವೆಯ ಕಥೆ, ಇಂಥ ಸತ್ಯವೇದದ (ಬೈಬಲಿನ) ಕಥೆಗಳನ್ನು ಕೂಟ ನಡೆಸುವವರಿಗೆ ಮತ್ತೆ ಹೇಳಬೇಕಾಗಿಲ್ಲ. ಅವುಗಳನ್ನು ನಾನು ಹೇಗೆ ಬಳಸಿದೆ, ಎಲ್ಲಿ ಸೋತೆ, ಎಷ್ಟು ಹಣ ಹೋಯಿತು, ಎಷ್ಟು ಬಂತು ಎಂಬುದನ್ನಷ್ಟೇ ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವುದು ನನ್ನ ಕಸುಬು. ಸ್ಕ್ರೀನ್ ಪ್ರಿಂಟಿಂಗ್ ಮೇಜು ಒಂದು, ಕಾಗದ ಕತ್ತರಿಸುವ ಹಳೆಯ ಯಂತ್ರ ಒಂದು, ಕೆಲಸಗಾರರು ಇಬ್ಬರು. ಲಗ್ನದ ಸೀಸನ್ ಚೆನ್ನಾಗಿ ನಡೆದರೆ ವರ್ಷ ನಡೆಯುತ್ತದೆ, ಇಲ್ಲದಿದ್ದರೆ ಕೈಸಾಲ.

ಮೊದಲು ನಾನೂ ಎಲ್ಲರಂತೆ ವಾಗ್ದಾನದ ಚೀಟಿಯನ್ನೇ ನಂಬಿದ್ದೆ. ಹೊಸ ವರ್ಷದ ಮಧ್ಯರಾತ್ರಿಯ ಆರಾಧನೆಯಲ್ಲಿ ತಟ್ಟೆಯಿಂದ ಎತ್ತಿಕೊಳ್ಳುವ, ಆ ವರ್ಷಕ್ಕೆಂದು ಸತ್ಯವೇದದ ಒಂದು ವಚನ ಬರೆದ ಚೀಟಿ. 2016ಕ್ಕೆ ನನಗೆ ಬಂದದ್ದು ಯೆರೆಮೀಯ 29:11, ದೇವರು ನಮ್ಮ ವಿಷಯದಲ್ಲಿ ಇಟ್ಟಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ ಎಂಬ ವಚನ. ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಸೀಸನ್ ಆಗತಾನೇ ಏರುತ್ತಿತ್ತು. ಅಚ್ಚಾದ ಪತ್ರಿಕೆಗಳನ್ನು ಒಯ್ದವರು ಹಳೆಯ ನೋಟು ಹಿಡಿದು ಬಂದರು, ಕೆಲವರು ಬರಲೇ ಇಲ್ಲ. ಸುಮಾರು ಎಂಬತ್ತು ಸಾವಿರ ರೂಪಾಯಿ ಬಾಕಿ ಮುಳುಗಿತು. ಪೆಟ್ಟಿಗೆ ತೆರೆದಾಗಲೆಲ್ಲ ಆ ಚೀಟಿ ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ಕಿತ್ತುಹಾಕಿದೆ.

ಹನ್ನೊಂದನೆಯ ವಚನದ ಹಿಂದೆ ಹತ್ತನೆಯದಿದೆ ಎಂಬುದು ತಡವಾಗಿ ಕಣ್ಣಿಗೆ ಬಿತ್ತು. ಎಪ್ಪತ್ತು ವರ್ಷ ತುಂಬಿದ ಮೇಲೆ ಎನ್ನುತ್ತದೆ ಅದು. ಬಾಬಿಲೋನಿನಲ್ಲಿ ಸೆರೆಯಿದ್ದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ; ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಮಂದಿ ಆ ಹಿತವನ್ನು ಕಾಣದೆ ಅಲ್ಲಿಯೇ ತೀರಿಕೊಂಡಿರಬೇಕು. ಹಿಂದಿನ ಅಧ್ಯಾಯ ತೆಗೆದರೆ ಹನನ್ಯನೆಂಬವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲಿ ನಿಂತು ಸಾರುತ್ತಾನೆ. ಅದು ಸುಳ್ಳು ಪ್ರವಾದನೆ. ನಾನು ಯೆರೆಮೀಯನ ಚೀಟಿಯನ್ನು ಅಂಟಿಸಿಕೊಂಡು ಹನನ್ಯನನ್ನು ನಂಬಿದ್ದೆ. ಈ ಒಂದು ಮಾತನ್ನು ನನಗೆ ಯಾರಾದರೂ ಹತ್ತು ವರ್ಷ ಮೊದಲೇ ಹೇಳಬೇಕಿತ್ತು. ಸೆರೆಯವರಿಗೆ ದೇವರು ಆ ಪತ್ರದಲ್ಲಿ ಮೊದಲು ಹೇಳಿದ್ದು ಮನೆ ಕಟ್ಟಿರಿ, ತೋಟ ಮಾಡಿರಿ, ಅದರ ಫಲ ತಿನ್ನಿರಿ ಎಂದು. ಕಾಯುವವರಿಗೂ ಆತ ಕೆಲಸ ಕೊಡುತ್ತಾನೆ.

ಚೀಟಿ ಬಿಟ್ಟ ಮೇಲೆ ಕಂಠಪಾಠ ಹಿಡಿದೆ. ಒದಗಿಸುವಿಕೆಯ ವಚನಗಳನ್ನು ಮೂವತ್ತರಷ್ಟು ಆರಿಸಿ ಕೂಟದವರಿಂದ ಬಾಯಿಪಾಠ ಮಾಡಿಸಿದೆ. ಮಕ್ಕಳು ಬಹುಮಾನ ಗೆದ್ದರು. ದೊಡ್ಡವರಿಗೆ ಬಡ್ಡಿಯವನು ಬಾಗಿಲಿಗೆ ಬಂದಾಗ ಒಂದೂ ನೆನಪಾಗಲಿಲ್ಲ.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಏಪ್ರಿಲ್, ಮೇ ತಿಂಗಳ ಇಪ್ಪತ್ತಾರು ಮದುವೆಗಳ ಪತ್ರಿಕೆಗಳು ನನ್ನಲ್ಲಿದ್ದವು. ಅಚ್ಚಾಗಿ ಕಟ್ಟು ಕಟ್ಟಿಟ್ಟವೇ ಹದಿನೆಂಟು ಸಾವಿರದ ಹತ್ತಿರ. ತಾರೀಖು ಸತ್ತ ಪತ್ರಿಕೆಯನ್ನು ಯಾರು ಒಯ್ಯುತ್ತಾರೆ? ಮುಂಗಡ ವಾಪಸ್ ಕೊಡಬೇಕಾಯಿತು, ಕಾಗದದ ಅಂಗಡಿಯ ಬಾಕಿ ಬೆಳೆಯಿತು. ಮಳೆಗಾಲದ ಹೊತ್ತಿಗೆ ಸಾಲ ನಾಲ್ಕು ಲಕ್ಷ ದಾಟಿತ್ತು.

ಆಗ ಸತ್ಯವೇದದ 2 ಅರಸುಗಳು ಪುಸ್ತಕದ 4ನೆಯ ಅಧ್ಯಾಯವನ್ನು ಸಾಲಗಾರನಾಗಿ ಓದಿದೆ. ಪ್ರವಾದಿಮಂಡಳಿಯವನಾಗಿದ್ದ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಇಬ್ಬರು ಮಕ್ಕಳನ್ನು ಸಾಲ ಕೊಟ್ಟವನು ಜೀತಕ್ಕೆ ಒಯ್ಯಲು ಬಂದಿದ್ದಾನೆ. ಪ್ರವಾದಿ ಎಲೀಷನು ಅವಳಿಗೆ ಹಣ ಕೊಡುವುದಿಲ್ಲ. ಮನೆಯಲ್ಲಿ ನಿನಗೇನಿದೆ ಎಂದು ಕೇಳುತ್ತಾನೆ. ಇದ್ದದ್ದು ಒಂದು ಕುಡಿಕೆ ಎಣ್ಣೆ; ಅದೇ ಪಾತ್ರೆಗಳ ತುಂಬ ಹೆಚ್ಚುತ್ತದೆ. ನಾನು ಅಂಗಡಿಯ ಕದ ತೆರೆದು ನೋಡಿದೆ. ಇದ್ದದ್ದು ಹದಿನೆಂಟು ಸಾವಿರ ಸತ್ತ ಪತ್ರಿಕೆಗಳು, ಒಳ್ಳೆಯ ದಪ್ಪ ಕಾಗದ, ಹಿಂಬದಿ ಖಾಲಿ. ಆ ದಿನಗಳಲ್ಲಿ ಕೆಲಸ ಕಳೆದುಕೊಂಡ ಹೆಂಗಸರು ಮನೆಯಲ್ಲಿಯೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಮಾಡಿ ಮಾರಲು ಶುರುಮಾಡಿದ್ದರು. ಅವರ ಪೊಟ್ಟಣಗಳಿಗೆ ಹೆಸರಿನ ಚೀಟಿ ಬೇಕಿತ್ತು. ಗಣಪತಿಯ ಚಿತ್ರವೋ ವಧೂವರರ ಹೆಸರೋ ಕಾಣದಂತೆ ಕತ್ತರಿಸುವುದಕ್ಕೆ ಒಂದು ಲೆಕ್ಕಾಚಾರ ಬೇಕಾಯಿತು. ಒಂದು ಪತ್ರಿಕೆಗೆ ಎಷ್ಟು ಚೀಟಿ ತೆಗೆದೆ, ಬಣ್ಣ ಹೇಗೆ ಉಳಿಸಿದೆ ಎಂಬುದು ನನ್ನ ಕಸುಬಿನ ಗುಟ್ಟು, ಅದು ನನ್ನಲ್ಲಿಯೇ ಇರಲಿ. ಮೊದಲ ತಿಂಗಳು ಎರಡು ಸಾವಿರ ಬಂತು. ಆರನೆಯ ತಿಂಗಳಿಗೆ ಹದಿನಾಲ್ಕು ಸಾವಿರದ ಆಸುಪಾಸು. ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ ಎಂದು ಎಲೀಷ ಹೇಳಿದ ಕ್ರಮವನ್ನು ತಪ್ಪಿಸಲಿಲ್ಲ. ಬಂದದ್ದರಲ್ಲಿ ಮೊದಲು ಸಾಲದ ಕಂತು, ಆಮೇಲೆ ಮನೆ. 2023ರ ಸುಗ್ಗಿ ಹಬ್ಬಕ್ಕೆ ಪೂರ್ತಿ ತೀರಿತು. ನಮ್ಮ ಓಣಿಯಲ್ಲಿ ಆ ಮೂರು ವರ್ಷ ಬಾಗಿಲು ಹಾಕದೆ ಉಳಿದ ಅಚ್ಚಿನ ಅಂಗಡಿ ನನ್ನದೊಂದೇ.

ಸಾಲ ಬೆಳೆದ 2020ರ ಜುಲೈಯಲ್ಲಿಯೇ ಕಿರ್ದಿ ಶುರುವಾದದ್ದು. ಎಡಪುಟದಲ್ಲಿ ತಾರೀಖು, ಬೇಕಾದದ್ದು, ಹಣವಾದರೆ ಮೊತ್ತ, ಅದರ ಕೆಳಗೆ ಆ ವಾರ ಓದಿದ ವಾಕ್ಯಭಾಗ. ಬಲಪುಟದಲ್ಲಿ ಬಂದದ್ದು, ಬಂದ ತಾರೀಖು, ಯಾರ ಕೈಯಿಂದ ಬಂತು ಎಂಬುದು. ಮನುಷ್ಯರ ಹೆಸರನ್ನು ಬರೆಯಲೇಬೇಕು. “ದೇವರು ಕೊಟ್ಟನು” ಎಂದಷ್ಟೇ ಬರೆದರೆ ನಾನು ಒಪ್ಪುವುದಿಲ್ಲ. ಬರಗಾಲದಲ್ಲಿ ಪ್ರವಾದಿ ಎಲೀಯನಿಗೆ ಆತ ಆಹಾರವನ್ನು ಕಾಗೆಗಳಿಂದ ಕೊಟ್ಟನು, ಹಳ್ಳ ಬತ್ತಿದ ಮೇಲೆ ಬಡ ವಿಧವೆಯಿಂದ ಕೊಟ್ಟನು. ಸತ್ಯವೇದ ಕಾಗೆಯನ್ನೂ ಬಿಡದೆ ದಾಖಲಿಸಿದೆ. ಲೆಕ್ಕ ಇಡಬಾರದು ಎಂದ ಹಿರಿಯರಿಗೆ ನಾನು ಕೊಟ್ಟ ಉತ್ತರವೂ ಇಂಥದ್ದೇ. ಅಪೊಸ್ತಲ ಪೌಲನು ಸೆರೆಯಿಂದ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆಯುವಾಗ ಕೊಡುವ ಕೊಳ್ಳುವ ಲೆಕ್ಕದ ಮಾತನ್ನೇ ಆಡುತ್ತಾನೆ. ಅವರ ಕಾಣಿಕೆ ಎಪಫ್ರೊದೀತನ ಕೈಯಿಂದ ಮುಟ್ಟಿತು ಎಂದು ಹೇಳಲು ಅವನು ಬಳಸಿದ ಗ್ರೀಕ್ ಶಬ್ದವನ್ನು ಆ ಕಾಲದ ವ್ಯಾಪಾರಿಗಳು ರಸೀದಿಯ ಮೇಲೆ ಬರೆಯುತ್ತಿದ್ದರು. ಅಪೊಸ್ತಲನು ರಸೀದಿ ಬರೆದುಕೊಟ್ಟಿರುವಾಗ ಅಚ್ಚಿನವನು ಕಿರ್ದಿ ಇಟ್ಟರೆ ಪಾಪವೆ?

ಆದರೂ ಮೊದಲ ಪುಸ್ತಕ ಕೆಟ್ಟಿತು. ತಪ್ಪು ನನ್ನದೇ. ಬಂದದ್ದನ್ನು ಮಾತ್ರ ಕೂಟದಲ್ಲಿ ಓದಿಸುತ್ತಿದ್ದೆ. ಒಬ್ಬರಿಗೆ ಕೆಲಸ ಸಿಕ್ಕಿತು, ಇನ್ನೊಬ್ಬರಿಗೆ ಆಸ್ಪತ್ರೆಯ ಬಿಲ್ಲಿಗೆ ಸಹಾಯ ಬಂತು, ಚಪ್ಪಾಳೆಯೂ ಬಿತ್ತು. ಮೂರನೆಯ ತಿಂಗಳು ಎರಡು ಕುಟುಂಬಗಳು ಬರುವುದನ್ನು ನಿಲ್ಲಿಸಿದವು. ಅವರಲ್ಲಿ ಹೊಲಿಗೆ ಕೆಲಸದ ಅಕ್ಕ ಒಬ್ಬರಿದ್ದರು. ಮನೆಗೆ ಹೋಗಿ ಕೇಳಿದೆ. “ಅಣ್ಣಾ, ನನ್ನ ಬಲಪುಟ ಖಾಲಿ ಇದೆ. ಎಲ್ಲರ ಮುಂದೆ ಅದನ್ನು ಹೇಗೆ ತೆರೆಯಲಿ?” ಎಂದರು. ಅವರು ಚಹಾ ಕೊಟ್ಟರು. ಕುಡಿಯಲಾಗಲಿಲ್ಲ. ಆ ಪುಸ್ತಕವನ್ನು ಅಲ್ಲಿಗೇ ಮುಚ್ಚಿದೆ.

ಎರಡನೆಯ ಪುಸ್ತಕ ನಿಂತದ್ದು ಎಬೆನೆಜೆರಿನಿಂದ, ಅಂದರೆ ‘ಸಹಾಯದ ಕಲ್ಲಿ’ನಿಂದ. ಪ್ರವಾದಿ ಸಮುವೇಲನು ಕಲ್ಲು ನಿಲ್ಲಿಸಿ, ಅದಕ್ಕೆ ಆ ಹೆಸರಿಟ್ಟು, ಇಲ್ಲಿಯವರೆಗೆ ಯೆಹೋವನು ನಮಗೆ ಸಹಾಯಮಾಡಿದನು ಎಂದು ಹೇಳಿದ್ದು 1 ಸಮುವೇಲ 7ರಲ್ಲಿ. ಮನೆಯ ಬಾಗಿಲ ಮೇಲೆ ಅದನ್ನು ಬರೆಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಅದೇ ಹೆಸರು 4ನೆಯ ಅಧ್ಯಾಯದಲ್ಲಿ ಮೊದಲೇ ಬಂದಿದೆ. ಇಸ್ರಾಯೇಲ್ಯರು ಎಬೆನೆಜೆರಿನಲ್ಲಿ ಪಾಳೆಯ ಹಾಕುತ್ತಾರೆ, ಸೋಲುತ್ತಾರೆ, ಮೂವತ್ತು ಸಾವಿರ ಕಾಲಾಳುಗಳು ಸಾಯುತ್ತಾರೆ, ದೇವರ ಆಜ್ಞೆಗಳಿದ್ದ ಪವಿತ್ರ ಪೆಟ್ಟಿಗೆ, ಮಂಜೂಷವೇ, ಶತ್ರುವಿನ ಪಾಲಾಗುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲೆ ಸಮುವೇಲನು ಸಹಾಯದ ಕಲ್ಲಿಗೆ ಇಟ್ಟದ್ದು ಸೋಲಿನ ಜಾಗದ ಹೆಸರು. ಅದನ್ನು ಕಂಡ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮರುದಿನವೇ ಹೊಸ ನಿಯಮ ಮಾಡಿದೆ: ತಿಂಗಳ ಕೊನೆಗೆ ಯಾವ ಬಲಪುಟವೂ ಖಾಲಿ ಇರಬಾರದು. ಬರದಿದ್ದರೆ “ಬಂದಿಲ್ಲ” ಎಂದು ಮಸಿಯಲ್ಲಿ ಬರೆದು ತಾರೀಖು ಹಾಕಬೇಕು, ಪೆನ್ಸಿಲ್ ಮುಟ್ಟಬಾರದು. ಕೂಟದಲ್ಲಿ ಮೊದಲು ಓದುವುದು ಆ ಪುಟಗಳನ್ನೇ. ಮೊದಲ ವಾರ ನನ್ನ ಸಾಲದ ಪುಟವನ್ನು ಮೊತ್ತದ ಸಮೇತ ನಾನೇ ಓದಿದೆ. ಆ ಅಕ್ಕ ಮರುವಾರ ಬಂದರು.

ಇದರ ಜೊತೆಗೆ ಪ್ರತಿಯೊಂದು ಭಾಗದಲ್ಲಿ ಕಾಯುವ ಕಾಲವನ್ನು ಎಣಿಸಿ ಎಡಪುಟದ ಮೂಲೆಯಲ್ಲಿ ಬರೆಸುತ್ತೇನೆ. ತಾನು ದೊಡ್ಡವನಾಗುವ ಕನಸು ಬಿದ್ದಾಗ ಯೋಸೇಫನ ವಯಸ್ಸು ಹದಿನೇಳು, ಅದು ನಿಜವಾಗಲು ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ ಮೂವತ್ತು, ಅಂದರೆ ಹದಿಮೂರು ವರ್ಷ. ಸೆರೆಯಲ್ಲಿ ಅವನಿಂದ ಉಪಕಾರ ಪಡೆದ ಅರಸನ ಪಾನದಾಯಕನು ಅವನನ್ನು ಮರೆತು ಕಳೆದ ಎರಡು ವರ್ಷವೂ ಅದರಲ್ಲಿ ಸೇರಿದೆ. ವಾಗ್ದಾನದ ಮಗನಿಗಾಗಿ ಅಬ್ರಹಾಮನು ಕಾದದ್ದು ಎಪ್ಪತ್ತೈದನೆಯ ವಯಸ್ಸಿನಿಂದ ನೂರರವರೆಗೆ. ಪ್ರಸಂಗದಲ್ಲಿ ಇವು ಎರಡು ನಿಮಿಷದಲ್ಲಿ ಮುಗಿಯುತ್ತವೆ, ಆದ್ದರಿಂದ ನಮ್ಮ ಆರು ತಿಂಗಳು ನಮಗೆ ಯುಗವಾಗುತ್ತದೆ. “13 ವರ್ಷ” ಎಂದು ಕೈಯಿಂದ ಬರೆದವರಿಗೆ ತಮ್ಮ ತಡವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಸಾಲದಲ್ಲಿ ಮುಳುಗಿ ಬಂದವರಿಗೆ ಮೊದಲ ನಾಲ್ಕು ವಾರ ಯಾವ ಭಾಗಗಳನ್ನು ಯಾವ ಕ್ರಮದಲ್ಲಿ ಓದಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆಳು ನೋಡಿ ಅದು ಬದಲಾಗುತ್ತದೆ, ಎದುರು ಕೂತವರಿಗೆ ಮಾತ್ರ ಹೇಳುತ್ತೇನೆ.

ನಡುವೆ ಬೇರೆ ಕೆಲವನ್ನೂ ಮಾಡಿ ನೋಡಿದೆ. ಮನ್ನದ ಅಳತೆಯನ್ನು ಮಕ್ಕಳ ಕೈಯಿಂದ ಅಳೆಸಿದ್ದು ಅದರಲ್ಲಿ ಒಂದು. ಒಂದು ಓಮೆರ್ ಅಂದರೆ ಸುಮಾರು ಎರಡು ಲೀಟರ್. ಜೋಳದ ಹಿಟ್ಟನ್ನು ಅಷ್ಟು ಅಳೆದು ಸುರಿದಾಗ ಒಬ್ಬರಿಗೆ ಒಂದು ದಿನಕ್ಕೆ ಇಷ್ಟೊಂದೇ ಎಂದು ತಾಯಂದಿರೇ ಬೆರಗಾದರು. ಸತ್ಯವೇದದ ಬಡ ವಿಧವೆ ರೂತಳು ಒಂದು ದಿನ ಹಕ್ಕಲಾಯ್ದು ಬಡಿದು ತಂದದ್ದು ಒಂದು ಏಫಾ, ಅಂದರೆ ಹತ್ತು ಓಮೆರ್. ಇಪ್ಪತ್ತು ಲೀಟರಿನ ಡಬ್ಬಿಗೆ ಜೋಳ ತುಂಬಿ ಹುಡುಗಿಯರಿಂದ ಹೊರಿಸಿದೆ. ಅಕಸ್ಮಾತ್ತಾಗಿ ಬೋವಜನೆಂಬ ಸಾಹುಕಾರನ ಹೊಲಕ್ಕೆ ಬಂದವಳು ಬೆನ್ನು ಮುರಿಯುವಷ್ಟು ದುಡಿದಳು ಎಂಬುದು ಅವರಿಗೆ ಹೆಗಲಿನಿಂದಲೇ ತಿಳಿಯಿತು. ದೇವರೇ ನೋಡಿಕೊಳ್ಳುತ್ತಾನೆ ಎಂದು ಕೈಕಟ್ಟಿ ಕೂರುವ ಗಂಡಸರಿಗೂ ಆ ಡಬ್ಬಿ ಹೊರಿಸಬೇಕೆಂದಿದ್ದೇನೆ.

ಮಿಜೋರಾಂನ ಸಭೆಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ದೇವರಿಗೆಂದು ಬೇರೆ ಇಡುತ್ತಾರೆ. ಅದನ್ನು ನಮ್ಮಲ್ಲಿ ಹನ್ನೊಂದು ಮನೆಗಳಲ್ಲಿ ಮಾಡಿಸಿದೆ. ತಿಂಗಳಿಗೆ ಮೂವತ್ತು ಕಿಲೋದಷ್ಟು ಕೂಡುತ್ತದೆ. ಎಡಪುಟದಲ್ಲಿ ಅಕ್ಕಿ ಎಂದು ಬರೆದವರ ಮನೆಗೆ ಹೋಗುತ್ತದೆ, ಇದಕ್ಕೆ ಸಭೆಯ ಹಣ ಒಂದು ರೂಪಾಯಿಯೂ ಬೇಕಾಗಿಲ್ಲ. ಕಿರ್ದಿಯನ್ನು ಮೊಬೈಲಿಗೆ ಹಾಕಿದ್ದು ಮಾತ್ರ ಪೂರ್ತಿ ಸೋತಿತು. ಎರಡೇ ವಾರದಲ್ಲಿ ಅದು ಶುಭೋದಯದ ಚಿತ್ರಗಳಿಂದ ತುಂಬಿಹೋಯಿತು. ಕಾಗದವೇ ಆಗಬೇಕು. ಬ್ರಿಸ್ಟಲಿನಲ್ಲಿ 1836ರಿಂದ ಅನಾಥಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಅವರೂ ಯಾರ ಬಳಿಯೂ ಕೈಚಾಚದೆ, ಬಂದ ಕಾಣಿಕೆಗಳ ಲೆಕ್ಕವನ್ನು ಬರೆದಿಟ್ಟು ವರ್ಷವರ್ಷ ಅಚ್ಚುಹಾಕಿಸುತ್ತಿದ್ದರು.

ಈಗ ನಾಲ್ಕನೆಯ ಪುಸ್ತಕ ನಡೆಯುತ್ತಿದೆ. ನೆನಪಿನಿಂದ ಹೇಳುವುದಾದರೆ ಎಲ್ಲ ಸೇರಿ ಇನ್ನೂರ ಐವತ್ತು ಪುಟಗಳಷ್ಟು ಬೇಡಿಕೆಗಳು. ಕೇಳಿದಂತೆಯೇ ಬಂದವು ನೂರ ನಲವತ್ತರಷ್ಟು. ಐವತ್ತು ಅರವತ್ತು ಬೇರೆ ರೂಪದಲ್ಲಿ ಬಂದವು. ಸರಕಾರಿ ಕೆಲಸ ಕೇಳಿದ್ದ ಹುಡುಗನಿಗೆ ನನ್ನ ಅಂಗಡಿಯ ಕೆಲಸ ಸಿಕ್ಕಿತು, ಈಗ ಅವನೇ ಸ್ಕ್ರೀನ್ ಎಳೆಯುತ್ತಾನೆ. ಉಳಿದವುಗಳ ಎದುರು “ಬಂದಿಲ್ಲ” ಎಂದೇ ಇದೆ. ಹೊಲಿಗೆಯ ಅಕ್ಕನ ಎರಡನೆಯ ಮಷೀನು ಕೇಳಿದ ಇಪ್ಪತ್ತೆರಡನೆಯ ತಿಂಗಳಿಗೆ ಬಂತು. ಅದಕ್ಕೆ ಮೊದಲು ಅವರು ಇಪ್ಪತ್ತೊಂದು ಸಲ “ಬಂದಿಲ್ಲ” ಬರೆದಿದ್ದರು. ಕೂಟದಲ್ಲಿ ಇಪ್ಪತ್ತೊಂದನ್ನೂ ಓದಿ ಆಮೇಲೆ ಇಪ್ಪತ್ತೆರಡನೆಯದನ್ನು ಓದಿದರು. ಹದಿನೆಂಟು ವರ್ಷ ಕೂಟ ನಡೆಸಿದ್ದೇನೆ, ಅಂಥ ಸಾಕ್ಷಿ ಕೇಳಿಲ್ಲ.

ಎರಡನೆಯ ಪುಸ್ತಕದಲ್ಲಿ ನನ್ನದೇ ಒಂದು ಪುಟವಿದೆ. 2021ರ ಮೇ ತಿಂಗಳು, ಎಡಕ್ಕೆ ನನ್ನ ತಮ್ಮನ ಹೆಸರು, ಆಮ್ಲಜನಕದ ಹಾಸಿಗೆ. ಹಾಸಿಗೆ ಸಿಕ್ಕಿತು, ತಮ್ಮ ಉಳಿಯಲಿಲ್ಲ. ಅದರ ಕೆಳಗೆ ಅಪೊಸ್ತಲರ ಕೃತ್ಯಗಳು 12 ಎಂದು ಬರೆದಿದ್ದೇನೆ. ಆ ಒಂದೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಯಾಕೋಬನು ಅರಸ ಹೆರೋದನ ಕತ್ತಿಗೆ ಸಾಯುತ್ತಾನೆ, ಸೆರೆಯಲ್ಲಿದ್ದ ಇನ್ನೊಬ್ಬ ಶಿಷ್ಯ ಪೇತ್ರನ ಸರಪಣಿ ಕಳಚಿ ಬೀಳುತ್ತದೆ. ಯಾಕೋಬನ ತಮ್ಮ ಯೋಹಾನನು ಪೇತ್ರನ ಬಿಡುಗಡೆಯ ಸುದ್ದಿ ಕೇಳಿದಾಗ ಏನೆಂದನೋ ಆ ಪುಸ್ತಕ ಬರೆದ ಲೂಕನು ಹೇಳಿಲ್ಲ. ಆ ವಾರ ಕೂಟದಲ್ಲಿ ಬೇರೆಯವರ ಬಿಡುಗಡೆಯ ಪುಟಗಳನ್ನು ಓದಿಸಲು ನನಗೆ ಗಂಟಲು ಕಟ್ಟಿತು. ಹೊಲಿಗೆಯ ಅಕ್ಕ ಎದ್ದು ಬಂದು ಪುಸ್ತಕ ತೆಗೆದುಕೊಂಡು ತಾವೇ ಓದಿದರು.

ನಾಲ್ಕನೆಯ ಪುಸ್ತಕದಲ್ಲಿ ತಮ್ಮನ ಮಗಳ ಪುಟವೂ ಇದೆ. ಕಾಲೇಜಿನ ಫೀಸು, ಬೇಕಾದದ್ದು ಹದಿನೆಂಟು ಸಾವಿರ. ಬಲಕ್ಕೆ ಮೂರು ಹೆಸರುಗಳಿವೆ, ಅವರು ಕೊಟ್ಟದ್ದನ್ನು ಕೂಡಿಸಿದರೆ ಹನ್ನೊಂದು ಸಾವಿರ. ಕಟ್ಟಬೇಕಾದ ದಿನಕ್ಕೆ ಇನ್ನು ಒಂಬತ್ತು ದಿನವಿದೆ. ಮೂಲೆಯಲ್ಲಿ ಅವಳೇ ತನ್ನ ಕೈಯಿಂದ ಬರೆದುಕೊಂಡಿದ್ದಾಳೆ: 13 ವರ್ಷ.