ಭಾನುವಾರ ಸಂಜೆ ನಾಲ್ಕು ಗಂಟೆ, ನಲವತ್ತು ರೂಪಾಯಿಯ ನೋಟ್‌ಬುಕ್

ಭಾನುವಾರ ಸಂಜೆ ನಾಲ್ಕರ ಹೊತ್ತು ಹೇಗಿರುತ್ತದೆ ಅಂತ ಇದನ್ನು ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ದುಃಖ ಅಲ್ಲ, ಅಳುವೂ ಬರುವುದಿಲ್ಲ. ಒಳಗೆಲ್ಲ ಖಾಲಿ ಖಾಲಿ.

ಮೂರು ವರ್ಷದಲ್ಲಿ ಇದಕ್ಕೆ ಸುರಿದದ್ದು ಹೆಚ್ಚುಕಡಿಮೆ ಒಂದೂಕಾಲು ಲಕ್ಷ. ಗೇರ್ ಸೈಕಲ್‌ಗೇ 38 ಸಾವಿರ. ಈಗ ಅದರ ಮೇಲೆ ಟವೆಲ್ ಒಣಗುತ್ತದೆ. ಗೋವಾಕ್ಕೆ ಎರಡು ಸಲ ಹೋದೆ. ವೀಕೆಂಡ್ ಶಿಬಿರವೊಂದಕ್ಕೆ ಕೊಟ್ಟ 14 ಸಾವಿರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೂ ಹೋದೆ. ಅಲ್ಲಿ ಶುಲ್ಕ ಇಲ್ಲ, ಆದರೆ ನಾಲ್ಕಕ್ಕೇ ಏಳಬೇಕು. ಕೆಲವರಿಗೆ ಒಗ್ಗುತ್ತದೆ. ನಾನು ಆರನೇ ದಿನ ಗಂಟುಮೂಟೆ ಕಟ್ಟಿದೆ.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು, ಬಿ12 ಕಡಿಮೆ ಇತ್ತು. ಇಂಜೆಕ್ಷನ್ ಆದ ಮೇಲೆ ಸುಸ್ತು ಹೋಯಿತು, ಖಾಲಿ ಹೋಗಲಿಲ್ಲ. ಒಂದು ರಾತ್ರಿ ತಡೆಯಲಾಗದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಪುಕ್ಕಟೆ, ಕನ್ನಡದಲ್ಲೇ ಮಾತಾಡಿದರು. ಆಮೇಲೆ ಒಬ್ಬರು ಆಪ್ತಸಮಾಲೋಚಕರ ಹತ್ತಿರ ಎಂಟು ಸಲ ಹೋದೆ. ಬಿಹೇವಿಯರಲ್ ಆಕ್ಟಿವೇಶನ್ ಶುರು ಮಾಡಿಸಿದ್ದು ಅವರೇ. ಮನಸ್ಸು ಬರಲಿ ಅಂತ ಕಾಯದೆ ಮೊದಲು ಕೆಲಸಕ್ಕೆ ಕೈ ಹಾಕುವುದು. ನಲವತ್ತು ರೂಪಾಯಿಯ ನೋಟ್‌ಬುಕ್‌ನಲ್ಲಿ ಗಂಟೆಗೊಂದು ಸಾಲು: ಏನು ಮಾಡಿದೆ, ಆಗ ಮನಸ್ಸಿಗೆ ಹತ್ತಕ್ಕೆ ಎಷ್ಟು.

"ಇದೇನೋ, ಮನಸ್ಸಿಗೂ ಮಾರ್ಕ್ಸ್ ಕಾರ್ಡಾ?" ಅಂದರು ಭಾವ. ಮೊದಲ ತಿಂಗಳು ಬರೀ 2, 3. ತಪ್ಪು ನನ್ನದೇ; ರಾತ್ರಿ ಒಟ್ಟಿಗೆ ಕೂತು ನೆನಪಿನಿಂದ ಬರೆಯುತ್ತಿದ್ದೆ. ಖಾಲಿಯಾಗಿರುವಾಗ ನೆನಪೂ ಖಾಲಿಯೇ, ಅಲ್ವಾ?

ಡಿಸೆಂಬರ್‌ನಲ್ಲಿ ಒಂದು ದಿನ ಅಮ್ಮನ ಜೊತೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. ಒತ್ತಿದರೆ ಸಿಪ್ಪೆ ಬೆರಳಲ್ಲಿ, ಬೇಳೆ ಪಾತ್ರೆಯಲ್ಲಿ. ಒಂದು ಬೇಳೆ ಹಾರಿ ಫ್ರಿಡ್ಜ್ ಕೆಳಗೆ ಹೋಯಿತು. ಇನ್ನೊಂದು ನೇರ ಅಮ್ಮನ ಕನ್ನಡಕಕ್ಕೆ. "ನಿಂಗೆ ಇದೂ ಬರಲ್ವೇನೋ!" ಅಂದರು. ನಕ್ಕುಬಿಟ್ಟೆ. ಆ ಸಾಲಿಗೆ 6 ಬಿತ್ತು.

ಹಿಂದಿನ ಪುಟಗಳನ್ನು ತಿರುವಿದೆ. ಐದು ದಾಟಿದ್ದು ನಾಲ್ಕೈದು ಸಲ. ಅಲ್ಲೆಲ್ಲ ಕೈಯಲ್ಲಿ ಕೆಲಸ ಇತ್ತು, ಪಕ್ಕದಲ್ಲಿ ಯಾರೋ ಇದ್ದರು. ಮೊಬೈಲ್ ಹಿಡಿದ ಗಂಟೆಗಳಿಗೆಲ್ಲ 2. ಸುಮ್ನೆ ಪರೀಕ್ಷೆಗೆ ಅಂತ ಒಬ್ಬನೇ ರೇಡಿಯೋ ಹಾಕಿಕೊಂಡು ಬೆಳ್ಳುಳ್ಳಿ ಸುಲಿದೆ: 4. ಅದೇ ಬೆಳ್ಳುಳ್ಳಿ ಪಕ್ಕದ ಮನೆ ಅಜ್ಜಿ ಜೊತೆ: 6. ಹಾಗಾಗಿ ಇಂಥ ಕೆಲಸವನ್ನೆಲ್ಲ ಭಾನುವಾರ ನಾಲ್ಕಕ್ಕೇ ಎತ್ತಿಡುತ್ತೇನೆ. ನೋಟ್‌ಬುಕ್‌ನಲ್ಲಿ ನಾನೇ ಸೇರಿಸಿದ ಮೂರನೇ ಕಾಲಂ ಒಂದಿದೆ. ಅದರಲ್ಲೇನಿದೆ ಅಂತ ಹೇಳುವುದಿಲ್ಲ.

ಹೋದ ತಿಂಗಳು ಭಾವ ಮೆಲ್ಲಗೆ ಕೇಳಿದರು, "ಗಂಟೆಗೊಂದ್ಸಲ ಬರೀಲೇಬೇಕಾ?" ನನ್ನ ಭಾನುವಾರ ನಾಲ್ಕು ಗಂಟೆ ಈಗ ಹತ್ತಕ್ಕೆ ಐದು, ಐದೂವರೆಯಲ್ಲಿದೆ. ಎಂಟು ಇನ್ನೂ ಬಂದಿಲ್ಲ.