ಬಡ್ಡಿದರ ಕೈಯಲ್ಲಿಲ್ಲದ ರಾಜ್ಯದ ಆಯವ್ಯಯ: 2020ರ ನನ್ನ ಅನುಭವ

ರಾಜ್ಯದ ಆಯವ್ಯಯ ಅಂದಾಜುಗಳನ್ನು ಸಿದ್ಧಪಡಿಸುವ ಕೆಲಸದಲ್ಲಿದ್ದ ನನಗೆ, ಒಂದೇ ನಾಣ್ಯವನ್ನು ಹಂಚಿಕೊಂಡ ಒಕ್ಕೂಟದಲ್ಲಿ ಸದಸ್ಯ ಸರ್ಕಾರವೊಂದು ಆರ್ಥಿಕ ಹಿಂಜರಿತವನ್ನು ಎದುರಿಸುವ ಬಗೆ ಕೋವಿಡ್ ಬಂದ 2020–21ರಲ್ಲಿ ಮನದಟ್ಟಾಯಿತು. ರಿಸರ್ವ್ ಬ್ಯಾಂಕ್ ಆ ಮೇ ತಿಂಗಳಲ್ಲಿ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿದರವನ್ನು) ಶೇ 4ಕ್ಕೆ ಇಳಿಸಿದ್ದು ಇಡೀ ದೇಶಕ್ಕಾಗಿ. ಕರ್ನಾಟಕಕ್ಕೆ ಪ್ರತ್ಯೇಕ ಬಡ್ಡಿದರವಾಗಲಿ ವಿನಿಮಯ ದರವಾಗಲಿ ಇಲ್ಲ; ಕೇಂದ್ರದ ಸಾಲ ಬಾಕಿ ಇರುವವರೆಗೆ ಹೊಸ ಸಾಲಕ್ಕೂ ಸಂವಿಧಾನದ 293ನೇ ವಿಧಿಯಂತೆ ಅದರ ಒಪ್ಪಿಗೆ ಬೇಕು.

ವಿತ್ತೀಯ ಕೊರತೆಯ, ಅಂದರೆ ಸಾಲದಿಂದ ತುಂಬಬೇಕಾದ ಖರ್ಚಿನ, ಮಿತಿ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3. ಉತ್ಪನ್ನ ಕುಗ್ಗಿದರೆ ಮಿತಿಯೂ ಕುಗ್ಗುತ್ತದೆ, ಅಂದರೆ ಸಾಲ ಹೆಚ್ಚು ಬೇಕಾದ ವರ್ಷವೇ ಅವಕಾಶ ಕಡಿಮೆ. ಆ ವರ್ಷ ಕೇಂದ್ರ ಮಿತಿಯನ್ನು ಶೇ 5ಕ್ಕೆ ಏರಿಸಿತಾದರೂ ಹೆಚ್ಚುವರಿಯಲ್ಲಿ ಶೇ 0.5 ಮಾತ್ರ ನಿಶ್ಶರ್ತವಾಗಿತ್ತು. ಉಳಿದದ್ದು ಪಡಿತರ, ವಿದ್ಯುತ್ ಮೊದಲಾದ ಸುಧಾರಣೆಗಳಿಗೆ ಅಂಟಿಕೊಂಡಿತ್ತು. ಸುಧಾರಣೆಗಳು ಒಳ್ಳೆಯವೇ, ಆದರೆ ಅವುಗಳ ವೇಗಕ್ಕೂ ಹಿಂಜರಿತದ ವೇಗಕ್ಕೂ ತಾಳೆಯಾಗುವುದಿಲ್ಲ.

ಹೀಗಾಗಿ ಎಷ್ಟು ಖರ್ಚು ಮಾಡಬೇಕು ಎಂಬುದಕ್ಕಿಂತ ಯಾವುದಕ್ಕೆ ಮೊದಲು ಎಂಬುದೇ ನಮ್ಮ ಕೈಯಲ್ಲಿದ್ದ ನಿರ್ಧಾರ. ವೇತನ, ಪಿಂಚಣಿ, ಬಡ್ಡಿ ಎಂಬ ಬದ್ಧ ವೆಚ್ಚವನ್ನು ಬದಿಗಿಟ್ಟು, ಉಳಿದ ಪ್ರತಿ ಬಾಬತ್ತಿಗೂ ಎರಡು ಪ್ರಶ್ನೆ ಹಾಕುತ್ತಿದ್ದೆ: ಹಣ ಎಷ್ಟು ಬೇಗ ಜನರ ಕೈ ಸೇರುತ್ತದೆ, ಸಂಕಟ ಕಳೆದ ಮೇಲೆ ಈ ಖರ್ಚು ನಿಲ್ಲುತ್ತದೆಯೇ? ಈ ಲೆಕ್ಕದಲ್ಲಿ ಸಣ್ಣ ಗುತ್ತಿಗೆದಾರರ ಬಾಕಿ ಬಿಲ್ಲುಗಳು ಹೊಸ ಕಾಮಗಾರಿಗಳಿಗಿಂತ ಮುಂದೆ ಬಂದವು; ಕೆಲಸ ಮುಗಿದಿರುವುದರಿಂದ ಟೆಂಡರೂ ಇಲ್ಲ, ಭೂಸ್ವಾಧೀನವೂ ಇಲ್ಲ, ಪಾವತಿಯಾದ ಹಣ ನೇರವಾಗಿ ಕೂಲಿಗೆ, ಸಿಮೆಂಟಿನ ಅಂಗಡಿಗೆ ಹೋಗುತ್ತದೆ. ಹೊಸ ಶಂಕುಸ್ಥಾಪನೆಗೆ ಕಾದಿದ್ದವರಿಗೆ ಇದು ರುಚಿಸಲಿಲ್ಲವೆನ್ನಿ.

ಒಕ್ಕೂಟವೇ ಕೊಡುವ ರಕ್ಷಣೆಯೂ ಇತ್ತು. ಉದ್ಯೋಗ ಖಾತರಿಗೆ ಕೇಂದ್ರ 40,000 ಕೋಟಿ ರೂಪಾಯಿ ಹೆಚ್ಚುವರಿ ಒದಗಿಸಿತು. ಊರಿಗೆ ಮರಳಿದವರಿಗೆ ದಿನಕ್ಕೆ 275 ರೂಪಾಯಿ ಕೂಲಿ ಸಿಗುತ್ತಿತ್ತು. ಜಿಎಸ್‌ಟಿ ಪರಿಹಾರ ಮಾತ್ರ ಬೇರೆ ಕಥೆ. ರಾಜ್ಯಗಳ ಜಿಎಸ್‌ಟಿ ವರಮಾನಕ್ಕೆ 2022ರ ಜೂನ್‌ವರೆಗೆ ಇದ್ದ ವರ್ಷಕ್ಕೆ ಶೇ 14ರ ಬೆಳವಣಿಗೆಯ ಖಾತರಿ ಒಂದು ವಿಮೆಯಂತಿತ್ತು: ಒಂದೆರಡು ರಾಜ್ಯಗಳ ವರಮಾನ ಕುಸಿದರೆ ಪರಿಹಾರಕ್ಕೆಂದೇ ವಸೂಲಾಗುತ್ತಿದ್ದ ಸೆಸ್‌ನ ನಿಧಿ ತಾಳಿಕೊಳ್ಳುತ್ತಿತ್ತು, ಎಲ್ಲವೂ ಒಟ್ಟಿಗೆ ಕುಸಿದಾಗ ಸೆಸ್ಸೇ ಬತ್ತಿತು. ಕೊನೆಗೆ ಕೇಂದ್ರವೇ 1.1 ಲಕ್ಷ ಕೋಟಿ ರೂಪಾಯಿ ಸಾಲ ಎತ್ತಿ ರಾಜ್ಯಗಳಿಗೆ ವರ್ಗಾಯಿಸಿತು. ಒಕ್ಕೂಟಕ್ಕೆಲ್ಲ ಬಡಿಯುವ ಹೊಡೆತಕ್ಕೆ ಕೇಂದ್ರದ ಸಾಲವೇ ತಕ್ಕ ಸಾಧನವೆಂಬುದು ನನ್ನ ಅಭಿಪ್ರಾಯ.

ಆಮೇಲಿನ ವರ್ಷಗಳಲ್ಲಿ, ಮುದ್ರಾಂಕ ಶುಲ್ಕದಂಥ ಏರಿಳಿತದ ವರಮಾನ ಅಂದಾಜು ಮೀರಿ ಬಂದಾಗಲೆಲ್ಲ, ಆ ಹೆಚ್ಚುವರಿಯನ್ನು ಕಾಯಂ ವೆಚ್ಚಕ್ಕೆ ಸೇರಿಸದೆ ಆ ವರ್ಷದ ಸಾಲವನ್ನೇ ತಗ್ಗಿಸಬೇಕೆಂದು ಕಡತದಲ್ಲಿ ಟಿಪ್ಪಣಿ ಬರೆಯತೊಡಗಿದೆ.